ಖಾಲಿ ಸಾಲಿನ ಲೆಕ್ಕ

ಬರಹದಲ್ಲಿ ಒಂದು ಸಾಲು ಎರಡು ಕಾರಣಕ್ಕೆ ಮುರಿಯುತ್ತದೆ. ಬರೆದವರಿಗೆ ಅಲ್ಲಿ ನಿಲ್ಲಬೇಕು ಅನ್ನಿಸಿರುತ್ತದೆ, ಇಲ್ಲವೇ ಹಾಳೆ ಅಲ್ಲಿಗೆ ಮುಗಿದಿರುತ್ತದೆ. ಪುಸ್ತಕ ಓದುವಾಗ ಈ ವ್ಯತ್ಯಾಸ ನಮಗೆ ತಾನಾಗಿಯೇ ತಿಳಿಯುತ್ತದೆ. ಗದ್ಯದ ಸಾಲು ಅಂಚಿಗೆ ಬಂದು ಮುರಿದರೆ ಕಣ್ಣು ತಡೆಯದೆ ಕೆಳಗಿಳಿಯುತ್ತದೆ. ಪದ್ಯದ ಸಾಲು ಹಾಳೆಯ ಅರ್ಧಕ್ಕೇ ನಿಂತರೆ ನಾವೂ ಅಲ್ಲಿ ಅರೆಗಳಿಗೆ ನಿಲ್ಲುತ್ತೇವೆ. ಆದರೆ ಅದೇ ಬರಹ ಬಣ್ಣ, ದಪ್ಪಕ್ಷರ, ಚೌಕಟ್ಟು ಯಾವುದೂ ಇಲ್ಲದ ಬರೀ ಪಠ್ಯದ ಫೈಲಾಗಿ ಬಂದಾಗ ಎರಡೂ ಬಗೆಯ ಮುರಿತಕ್ಕೆ ಒಂದೇ ಗುರುತು ಇರುತ್ತದೆ. ಅದೂ ಕಣ್ಣಿಗೆ ಕಾಣದ ಗುರುತು. ಯಾವುದು ಉಸಿರಿಗಾಗಿ ಮುರಿದದ್ದು, ಯಾವುದು ಜಾಗ ಸಾಲದೆ ಮುರಿದದ್ದು ಎಂದು ಫೈಲು ಹೇಳುವುದಿಲ್ಲ.

ಶಹಾಪುರದಲ್ಲಿ ಶಾಲೆಯ ಕೆಲಸ ಮುಗಿಸಿ ಬಂದ ಮೇಲೆ ಸಂಜೆ ಒಂದೆರಡು ತಾಸು ನಾನು ಮಾಡುವುದು ಈ ಎರಡನ್ನು ಬೇರೆ ಬೇರೆ ಮಾಡುವ ಕೆಲಸ. ಇದಕ್ಕೆ ಒಳ್ಳೆಯ ಹೆಸರಿಲ್ಲ. ಮನೆಯವರು ‘ಫೈಲು ಹಸನ ಮಾಡೋದು’ ಅನ್ನುತ್ತಾರೆ, ಅಕ್ಕಿ ಹಸನ ಮಾಡಿದ ಹಾಗೆ. ಹೋಲಿಕೆ ತಕ್ಕಮಟ್ಟಿಗೆ ಸರಿಯೇ. ಮೊರದಲ್ಲಿ ಕಲ್ಲೂ ಅಕ್ಕಿಯೂ ಒಂದೇ ಬಣ್ಣದವಾಗಿದ್ದರೆ ಏನು ಮಾಡಬೇಕು ಎಂಬುದೇ ಇಲ್ಲಿಯ ಸಮಸ್ಯೆ.

ಕಾಲೇಜಿನ ದಿನಗಳಲ್ಲಿ ನಾನು ಬಸ್ ಸ್ಟ್ಯಾಂಡಿನ ಹತ್ತಿರದ ಡಿಟಿಪಿ ಅಂಗಡಿಯೊಂದರಲ್ಲಿ ಟೈಪು ಮಾಡುತ್ತಿದ್ದೆ. ಲಗ್ನಪತ್ರಿಕೆ, ಬಾಂಡ್ ಪೇಪರಿನ ಮಜಕೂರು, ತಹಶೀಲ್ದಾರರಿಗೆ ಅರ್ಜಿ, ಜಾತ್ರೆಯ ಕರಪತ್ರ. ನುಡಿ, ಬರಹ, ಶ್ರೀಲಿಪಿಯಂಥ ತಂತ್ರಾಂಶಗಳು ನಮ್ಮ ಕಡೆಯ ಸಣ್ಣ ಊರುಗಳಿಗೂ ಕನ್ನಡದ ಟೈಪಿಂಗನ್ನು ತಂದಿದ್ದ ಕಾಲ ಅದು. ಅಂಥ ಅಂಗಡಿಗಳ ಕಂಪ್ಯೂಟರುಗಳಲ್ಲಿ ಲಗ್ನಪತ್ರಿಕೆಯ ಜೊತೆಗೇ ಬೇರೆ ಸಂಗತಿಗಳೂ ಸೇರಿಕೊಂಡವು. ನಿವೃತ್ತ ಮಾಸ್ತರರೊಬ್ಬರು ಬರೆದ ಊರಿನ ಇತಿಹಾಸ, ಮಠದ ಪುರಾಣ, ಸ್ಮರಣ ಸಂಚಿಕೆಯ ಲೇಖನಗಳು, ಭಜನಾ ಮಂಡಳಿಯ ಪದಗಳು. ಅಚ್ಚಾದವು ಕಡಿಮೆ. ಫೈಲುಗಳಾಗಿ ಉಳಿದವೇ ಹೆಚ್ಚು. ಈಗ ಅವು ಪೆನ್ ಡ್ರೈವಿನಲ್ಲಿ, ಮೆಸೇಜಿನಲ್ಲಿ ನನ್ನ ಹತ್ತಿರ ಬರುತ್ತವೆ. ಬಂದವರ ಮಾತು ಸಾಮಾನ್ಯವಾಗಿ ಒಂದೇ: “ಸರ್, ಸಾಲೆಲ್ಲಾ ಕಲಸಿ ಹೋಗ್ಯಾವ, ಸ್ವಲ್ಪ ನೆಟ್ಟಗ ಮಾಡಿಕೊಡ್ರಿ.”

ಹಾಗೆ ಬಂದ ಫೈಲುಗಳಲ್ಲಿ ಒಂದು, ಸುರಪುರದ ಆಚೆ ಕೃಷ್ಣೆಯ ದಂಡೆಯ ಒಂದು ಊರಿನ ಭಜನಾ ಮಂಡಳಿಯದು. ಇನ್ನೂರಕ್ಕೂ ಹೆಚ್ಚು ತತ್ವಪದಗಳು. ಮೂರು ನೋಟುಬುಕ್ಕುಗಳಲ್ಲಿದ್ದುದನ್ನು 2008ರ ಸುಮಾರಿಗೆ ಯಾರೋ ಟೈಪು ಮಾಡಿಸಿದ್ದರು. ಮರುವರ್ಷ, 2009ರ ಅಕ್ಟೋಬರಿನಲ್ಲಿ ಉತ್ತರ ಕರ್ನಾಟಕಕ್ಕೆಲ್ಲ ಹೊಡೆದ ಆ ಮಳೆ ಮತ್ತು ಪ್ರವಾಹದಲ್ಲಿ ನೋಟುಬುಕ್ಕುಗಳು ನೆನೆದು ಮುದ್ದೆಯಾದವು. ಉಳಿದದ್ದು ಫೈಲು ಮಾತ್ರ. ಆ ಫೈಲನ್ನು ಯಾರೋ ಯೂನಿಕೋಡಿಗೆ ಬದಲಾಯಿಸಿದರು, ಇನ್ನಾರೋ ಪಿಡಿಎಫ್ ಮಾಡಿದರು, ಮತ್ತೊಬ್ಬರು ಪಿಡಿಎಫಿನಿಂದ ನಕಲು ತೆಗೆದು ಮೆಸೇಜಿನಲ್ಲಿ ಹಂಚಿದರು. ನನ್ನ ಕೈಗೆ ಬರುವ ಹೊತ್ತಿಗೆ ಒಂದೊಂದು ಸಾಲೂ ಹಾಳೆಯ ಅಗಲಕ್ಕೆ ಸರಿಯಾಗಿ ಕತ್ತರಿಸಿತ್ತು. ಒಂದು ಪದಕ್ಕೂ ಇನ್ನೊಂದಕ್ಕೂ ನಡುವೆ ಇದ್ದ ಖಾಲಿ ಸಾಲು ಮಾಯವಾಗಿತ್ತು. ಪಲ್ಲ ಎಲ್ಲಿ ಮುಗಿಯಿತು, ನುಡಿ ಎಲ್ಲಿ ಶುರುವಾಯಿತು ಗೊತ್ತಾಗುತ್ತಿರಲಿಲ್ಲ.

ಡಿಟಿಪಿಯವರಿಗೆ ನುಡಿ ಎಂದರೆ ತಂತ್ರಾಂಶ. ಪದ ಹಾಡುವವರಿಗೆ ನುಡಿ ಎಂದರೆ ಪದದ ಒಂದು ಖಂಡ. ಒಂದು ನುಡಿ ಮುಗಿದ ಮೇಲೆ ಎಲ್ಲರೂ ಕೂಡಿ ಪಲ್ಲಕ್ಕೆ ವಾಪಸು ಬರಬೇಕು. ಮುಂದಿನವನು ನುಡಿ ಎತ್ತಿದರೆ ಹಿಂದಿನವರು ಪಲ್ಲ ಹಿಡಿಯಬೇಕು. ತಾಳ, ದಮ್ಮಡಿ, ಏಕತಾರಿ ಎಲ್ಲವೂ ಆ ತಿರುವಿಗೆ ಕಾದಿರುತ್ತವೆ. ಫೈಲಿನಲ್ಲಿ ಕಾಣೆಯಾದದ್ದು ಆ ತಿರುವು. ಊರಿನ ಹುಡುಗರು ಅಮವಾಸ್ಯೆಯ ಭಜನೆಗೆ ಮೊಬೈಲ್ ಹಿಡಿದು ಕೂತು ಹಾಡಲು ನೋಡಿದರಂತೆ. ಸಾಲಿನ ತುದಿಗೆ ಬಂದಾಗ ಅರ್ಧ ಶಬ್ದಕ್ಕೆ ನಿಂತು, ಮುಂದಿನ ಸಾಲಿನಲ್ಲಿ ಉಳಿದರ್ಧ ಎತ್ತಿಕೊಂಡರೆ, ತಾಳ ಹಾಕುವವರು ಕೈ ಬಿಟ್ಟು ನಕ್ಕರಂತೆ. ಆಮೇಲೆ ಹುಡುಗರು ಬರುವುದು ಕಡಿಮೆಯಾಯಿತು. ಫೈಲು ತಂದುಕೊಟ್ಟವನು ಹೇಳಿದ ಈ ಮಾತೇ ನನ್ನನ್ನು ಆ ಕೆಲಸಕ್ಕೆ ಕೂಡಿಸಿತು.

ಈ ಕಾಣದ ಗುರುತು ಎಲ್ಲಿಂದ ಬಂತು ಎಂದು ತಿಳಿಯಬೇಕಾದರೆ ಟೈಪ್‌ರೈಟರನ್ನು ನೆನೆಯಬೇಕು. ಟೈಪಿಂಗ್ ಕ್ಲಾಸಿಗೆ ಹೋದವರಿಗೆ ಗೊತ್ತು, ಸಾಲು ಮುಗಿಯುವ ಮುಂಚೆ ‘ಟಿಣ್’ ಎಂದು ಗಂಟೆ ಹೊಡೆಯುತ್ತದೆ. ಆಗ ಎಡಗೈಯಿಂದ ಸನ್ನೆ ಹಿಡಿದು ತಳ್ಳಿದರೆ ಎರಡು ಕೆಲಸವಾಗುತ್ತವೆ. ಹಾಳೆ ಒಂದು ಸಾಲು ಮೇಲಕ್ಕೆ ಸರಿಯುತ್ತದೆ, ಗಾಡಿ ಮೊದಲಿನ ಜಾಗಕ್ಕೆ ಬರುತ್ತದೆ. ದೂರಮುದ್ರಕ ಯಂತ್ರಗಳಲ್ಲಿ ಈ ಎರಡು ಕೆಲಸಗಳಿಗೆ ಎರಡು ಬೇರೆ ಸಂಕೇತ ಬೇಕಾಯಿತು. ಮುಂದೆ ಆಸ್ಕಿ ಸಂಕೇತಪಟ್ಟಿಯಲ್ಲಿ ಸಾಲು ಇಳಿಸುವುದಕ್ಕೆ 10, ಗಾಡಿ ಹಿಂದಕ್ಕೆ ತರುವುದಕ್ಕೆ 13 ಎಂಬ ಅಂಕಿ ನಿಂತವು. ಯುನಿಕ್ಸ್ ಕುಲದ ಯಂತ್ರಗಳು 10 ಒಂದೇ ಸಾಕು ಅಂದವು. ಹಳೆಯ ಮ್ಯಾಕ್ 13ನ್ನು ಇಟ್ಟುಕೊಂಡಿತು. ಡಾಸ್, ಆಮೇಲೆ ವಿಂಡೋಸ್, ಎರಡನ್ನೂ ಜೋಡಿಯಾಗಿ ಉಳಿಸಿಕೊಂಡವು. ಹೀಗಾಗಿ ಲಿನಕ್ಸಿನಲ್ಲಿ ಉಳಿಸಿದ ಫೈಲನ್ನು ವಿಂಡೋಸಿನ ನೋಟ್‌ಪ್ಯಾಡಿನಲ್ಲಿ ತೆರೆದರೆ ಇಡೀ ಪುಸ್ತಕ ಒಂದೇ ಸಾಲಾಗಿ ಕಾಣುತ್ತಿತ್ತು. ಬರೀ 10 ಇದ್ದರೂ ಸಾಲು ಮುರಿದು ತೋರಿಸುವುದನ್ನು ನೋಟ್‌ಪ್ಯಾಡ್ ಕಲಿತದ್ದು 2018ರಲ್ಲಿ. ಗಾಡಿಯೂ ಇಲ್ಲ, ಗಂಟೆಯೂ ಇಲ್ಲ. ಆದರೂ ಗಾಡಿ ಎಳೆಯುವ ಆಜ್ಞೆ ಇವತ್ತಿಗೂ ನಮ್ಮ ಫೈಲುಗಳಲ್ಲಿ ಉಳಿದಿದೆ.

ಗದ್ಯವನ್ನು ಹಸನು ಮಾಡುವುದಕ್ಕೆ ಒಂದು ಹಳೆಯ ಉಪಾಯವಿದೆ. ವಿದ್ಯಾರ್ಥಿಗಳಿಗೆ ಉಪಯೋಗವಾದೀತೆಂದು ಬರೆಯುತ್ತೇನೆ. ಮೊದಲು ಫೈಲಿನ ಒಂದು ಪ್ರತಿಯನ್ನು ಬೇರೆ ಕಡೆ ತೆಗೆದಿಡಿ, ಅದನ್ನು ಮುಟ್ಟಬೇಡಿ. ಆಮೇಲೆ ಎಲ್ಲ ಸಾಲಿನ ಕೊನೆಗಳನ್ನೂ ಒಂದೇ ಬಗೆಗೆ ತನ್ನಿ. ಸಾಲಿನ ತುದಿಯಲ್ಲಿ ಅಂಟಿಕೊಂಡ ಖಾಲಿ ಜಾಗ ಅಳಿಸಿ. ನಿಜವಾದ ಪ್ಯಾರಾ ಇರುವಲ್ಲಿ ಸಾಮಾನ್ಯವಾಗಿ ಎರಡು ಮುರಿತ ಒಟ್ಟಿಗೆ ಇರುತ್ತವೆ, ಅಂದರೆ ನಡುವೆ ಒಂದು ಖಾಲಿ ಸಾಲು. ಅಂಥ ಜೋಡಿಗಳನ್ನೆಲ್ಲ ಹುಡುಕಿ, ಬರಹದಲ್ಲಿ ಎಲ್ಲೂ ಬಾರದ ಒಂದು ಚಿಹ್ನೆ ಹಾಕಿ. ನಾನು ಮೂರು ನಕ್ಷತ್ರ ಹಾಕುತ್ತೇನೆ. ಈಗ ಉಳಿದ ಒಂಟಿ ಮುರಿತಗಳೆಲ್ಲ ಹಾಳೆ ಮುಗಿದದ್ದಕ್ಕೆ ಬಿದ್ದವು. ಅವುಗಳ ಜಾಗಕ್ಕೆ ಒಂದೊಂದು ಖಾಲಿ ಜಾಗ ಕೊಡಿ. ಕೊನೆಗೆ ಮೂರು ನಕ್ಷತ್ರಗಳನ್ನು ತೆಗೆದು ಮತ್ತೆ ಜೋಡಿ ಮುರಿತ ತನ್ನಿ. ಈ ಕ್ರಮ ತಪ್ಪಬಾರದು. ನಕ್ಷತ್ರ ಹಾಕುವ ಮೊದಲೇ ಮುರಿತಗಳನ್ನು ಅಳಿಸಿದರೆ ಪ್ಯಾರಾಗಳನ್ನು ಮರಳಿ ಪಡೆಯುವ ದಾರಿ ಇರುವುದಿಲ್ಲ.

ಸುರಪುರದ ಕೆಲವು ವಿದ್ಯಾರ್ಥಿಗಳಿಗಾಗಿ ಫಿಲಿಪ್ ಮೆಡೋಸ್ ಟೇಲರನ ಆತ್ಮಕಥೆಯ ಪುಟಗಳನ್ನು ಹೀಗೆ ಹಸನು ಮಾಡಿದ್ದೆ. 1840ರ ದಶಕದಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಸುರಪುರದಲ್ಲಿ ಅಧಿಕಾರಿಯಾಗಿದ್ದು, ಬಾಲಕ ರಾಜ ವೆಂಕಟಪ್ಪ ನಾಯಕನನ್ನು ಹತ್ತಿರದಿಂದ ಕಂಡವನು ಟೇಲರ್. ಅವನ ಆತ್ಮಕಥೆ 1877ರಲ್ಲಿ, ಅವನು ತೀರಿಕೊಂಡ ಮೇಲೆ ಪ್ರಕಟವಾಯಿತು. ಹಳೆಯ ಪುಸ್ತಕವನ್ನು ಸ್ಕ್ಯಾನ್ ಮಾಡಿ ಯಂತ್ರದಿಂದ ಓದಿಸಿದ ಪಠ್ಯದಲ್ಲಿ ಪ್ರತಿ ಪುಟದ ನೆತ್ತಿಯ ಶೀರ್ಷಿಕೆ ಮತ್ತು ಪುಟಸಂಖ್ಯೆ ವಾಕ್ಯದ ನಡುವೆಯೇ ಬಂದು ಕೂರುತ್ತವೆ. 1858ರ ಬಂಡಾಯದ ಮಾತು ನಡೆಯುತ್ತಿರುವಾಗ ಮಧ್ಯದಲ್ಲಿ ಒಂದು ಅಂಕಿ, ಒಂದು ಹೆಸರು, ಮತ್ತೆ ಮುಂದುವರಿದ ವಾಕ್ಯ. ಕಣ್ಣಿದ್ದವರು ಅದನ್ನು ದಾಟಿಕೊಂಡು ಓದಿಯಾರು. ಆ ಗುಂಪಿನಲ್ಲಿ ಕಣ್ಣು ಕಾಣದ ಹುಡುಗನೊಬ್ಬ ಇದ್ದ. ಫೋನು ಗಟ್ಟಿಯಾಗಿ ಓದುವುದನ್ನು ಕೇಳಿ ಕಲಿಯುವವನು. ಮುರಿದ ಸಾಲಿಗೊಮ್ಮೆ ಫೋನು ತಡೆದು ನಿಲ್ಲುತ್ತಿತ್ತು, ಪುಟಸಂಖ್ಯೆ ಬಂದರೆ ಅದನ್ನೂ ಓದುತ್ತಿತ್ತು. “ಸರ್, ಇದು ಬಿಕ್ಕಳಿಸಿದಂಗ ಓದತದ,” ಅಂದಿದ್ದ. ಹಸನು ಮಾಡಿದ ಫೈಲನ್ನು ಅವನು ಎರಡು ದಿನದಲ್ಲಿ ಕೇಳಿ ಮುಗಿಸಿದ. ಸಾಲು ಜೋಡಿಸುವುದು ಬರೀ ಅಂದಕ್ಕೆ ಅಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಹುಡುಕುವುದಕ್ಕೂ ಇದೇ ಮಾತು. ಒಂದು ಹೆಸರು ಎರಡು ಸಾಲಿಗೆ ಹರಿದು ಹಂಚಿಹೋಗಿದ್ದರೆ ಎಷ್ಟು ಹುಡುಕಿದರೂ ಸಿಕ್ಕುವುದಿಲ್ಲ.

ಇಂಗ್ಲಿಷಿಗೆ ಈ ಉಪಾಯ ಬಹುಮಟ್ಟಿಗೆ ನಡೆಯುತ್ತದೆ. ಕನ್ನಡಕ್ಕೆ ಬಂದರೆ ತೊಡಕು. ಮುರಿದ ಸಾಲನ್ನು ಕೂಡಿಸುವಾಗ ನಡುವೆ ಖಾಲಿ ಜಾಗ ಬಿಡಬೇಕೋ ಬೇಡವೋ? ಒಂದು ಸಾಲಿನ ಕೊನೆಗೆ ‘ಹೋಗ’, ಮುಂದಿನದರ ಮೊದಲಿಗೆ ‘ಬೇಕು’ ಇದ್ದರೆ ಕೂಡಿಸಿ ‘ಹೋಗಬೇಕು’ ಎಂದು ಮಾಡುತ್ತೇವೆ. ಯಂತ್ರಕ್ಕೆ ಎರಡೂ ಬೇರೆ ಶಬ್ದಗಳು. ನಮ್ಮಲ್ಲಿ ಶಬ್ದಗಳು ಒಂದಕ್ಕೊಂದು ಅಂಟಿಕೊಂಡು ಬೆಳೆಯುತ್ತವೆ, ಸಂಧಿಯಾಗಿ ರೂಪ ಬದಲಿಸುತ್ತವೆ. ಅಂಚಿನಲ್ಲಿ ಕತ್ತರಿಸಿದ ತುಂಡು ಪೂರ್ಣ ಶಬ್ದದಂತೆಯೇ ಕಾಣುತ್ತದೆ. ನಮ್ಮ ಭಾಗದ ಕುರುಬ ಸಮುದಾಯದ ಪರಂಪರೆಯ ಹೆಸರು ಹಾಲುಮತ. ಒಂದು ಸ್ಮರಣ ಸಂಚಿಕೆಯ ಫೈಲಿನಲ್ಲಿ ‘ಹಾಲು’ ಒಂದು ಸಾಲಿನ ಕೊನೆಗೂ ‘ಮತ’ ಇನ್ನೊಂದರ ಮೊದಲಿಗೂ ಇತ್ತು. ಖಾಲಿ ಜಾಗ ಕೊಟ್ಟು ಕೂಡಿಸಿದ್ದರೆ ಒಂದು ಕುಡಿಯುವುದಕ್ಕೆ, ಇನ್ನೊಂದು ಚುನಾವಣೆಗೆ. ಅಡ್ಡಗೆರೆ ಇದ್ದರೆ ಇನ್ನೊಂದು ಪರೀಕ್ಷೆ. ಅಚ್ಚಿನವರು ಸಾಲಿನ ತುದಿಯಲ್ಲಿ ಶಬ್ದ ಒಡೆದು ಹಾಕಿದ ಗೆರೆಯನ್ನು ತೆಗೆಯಬೇಕು, ‘ಹೊಲ-ಮನೆ’ಯ ಗೆರೆಯನ್ನು ಉಳಿಸಬೇಕು.

ಲೆಕ್ಕ ಹಾಕಿ ಸಾಲು ಕತ್ತರಿಸುವ ಯಂತ್ರಗಳ ಹೊಡೆತ ಬೇರೆ. 1928ರಲ್ಲಿ ಐಬಿಎಂನವರ ರಂಧ್ರಕಾರ್ಡಿನಲ್ಲಿ 80 ಕಂಬಗಳಿದ್ದವು. ಆ 80ರ ಅಳತೆ ಕಂಪ್ಯೂಟರಿನ ಪರದೆಗೆ ದಾಟಿತು. ಇಂಗ್ಲಿಷಿಗೆ ಒಂದು ಅಕ್ಷರಕ್ಕೆ ಒಂದು ಮನೆ. ನಮ್ಮ ‘ಸ್ತ್ರೀ’ ಕಣ್ಣಿಗೆ ಒಂದೇ ಅಕ್ಷರ, ಯೂನಿಕೋಡಿನಲ್ಲಿ ಮಾತ್ರ 6 ಸಂಕೇತಗಳ ಸಾಲು: ಸ, ವಿರಾಮ, ತ, ವಿರಾಮ, ರ, ಈಕಾರ. ಬರೀ ಸಂಕೇತ ಎಣಿಸಿ ಕತ್ತರಿಸಿದರೆ ಕತ್ತಿ ಅಕ್ಷರದ ಹೊಟ್ಟೆಯಲ್ಲೇ ಬಿದ್ದೀತು. ಕಾಣದ್ದನ್ನೆಲ್ಲ ಕಸ ಎಂದು ಗುಡಿಸುವುದೂ ಅಪಾಯವೇ. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜಕಾರಕ್ಕೂ ಕಕಾರಕ್ಕೂ ನಡುವೆ ಅಗಲವೇ ಇಲ್ಲದ ಒಂದು ಗುರುತು ಇರುತ್ತದೆ. ಅವೆರಡೂ ಒತ್ತಕ್ಷರವಾಗಿ ಬೆಸೆಯದಂತೆ ಅದು ತಡೆಯುತ್ತದೆ. ‘ಅದೃಶ್ಯ ಚಿಹ್ನೆಗಳನ್ನು ಅಳಿಸು’ ಎಂಬ ಗುಂಡಿ ಒತ್ತಿದರೆ ಅಣ್ಣಾವ್ರು ‘ರಾಜ್ಕುಮಾರ್’ ಆಗಿಬಿಡುತ್ತಾರೆ.

ಇಷ್ಟಾದರೂ ಗದ್ಯಕ್ಕೆ ಏನಾದರೂ ಮಾಡಬಹುದು, ಅರ್ಥ ಕೈ ಹಿಡಿಯುತ್ತದೆ. ಭಜನಾ ಮಂಡಳಿಯ ಫೈಲಿಗೆ ಮೂರು ನಕ್ಷತ್ರದ ಉಪಾಯ ಏನೂ ಮಾಡಲಿಲ್ಲ. ಅಲ್ಲಿ ಜೋಡಿ ಮುರಿತಗಳೇ ಉಳಿದಿರಲಿಲ್ಲ. ಹಾಳೆಯ ಅಂಚಿನ ಮುರಿತಗಳನ್ನೆಲ್ಲ ತೆಗೆದಾಗ ಇನ್ನೂರು ಪದಗಳು ಒಂದೇ ಉದ್ದದ ಹರಿವಾಗಿ ನಿಂತವು. ಮೊದಲಿಗೆ ಎದೆ ಧಸಕ್ಕೆಂದಿತು. ಆಮೇಲೆ ಆ ಹರಿವನ್ನು ನೋಡುತ್ತ ಕೂತಾಗ, ಇದು ನಾನು ಮೊದಲು ಕಂಡ ರೂಪವೇ ಅನ್ನಿಸಿತು. ಓಲೆಗರಿಯಲ್ಲಿ ಬರಹ ಇರುವುದು ಹೀಗೆಯೇ.

ತಾಳೆಗರಿಯ ಲಿಪಿಕಾರ ಸಾಲು ಮುರಿಯುವುದಿಲ್ಲ, ಗರಿ ಮುರಿಸುತ್ತದೆ. ಅಂಚು ಬಂದಲ್ಲಿ ಶಬ್ದದ ನಡುವೆಯೇ ನಿಂತು ಕೆಳಗಿನ ಸಾಲಿಗೆ ಹೋಗುತ್ತಾನೆ. ಪದ್ಯಕ್ಕೂ ಪದ್ಯಕ್ಕೂ ನಡುವೆ ಸಾಲು ಬಿಡುವುದಿಲ್ಲ, ಶಬ್ದಗಳ ನಡುವೆಯೂ ಜಾಗ ಬಿಡುವುದಿಲ್ಲ. ಗರಿ ಹಸನು ಮಾಡಿ, ಕಂಠದಿಂದ ಕೊರೆದು, ಮಸಿ ತೀಡುವ ಕೆಲಸದಲ್ಲಿ ಖಾಲಿ ಜಾಗ ದುಬಾರಿ. ಗರಿಯಲ್ಲಿ ಖಾಲಿ ಕಾಣುವುದು ದಾರ ಪೋಣಿಸುವ ರಂಧ್ರದ ಸುತ್ತ ಬಿಟ್ಟ ಚೌಕ ಮಾತ್ರ. ಆ ಖಾಲಿಗೆ ಅರ್ಥವಿಲ್ಲ. ವಾಕ್ಯ ಅದನ್ನು ದಾಟಿಕೊಂಡು ಆಚೆ ಮುಂದುವರಿಯುತ್ತದೆ.

ಹಾಗಾದರೆ ಓದುವವರಿಗೆ ಎಲ್ಲಿ ನಿಲ್ಲಬೇಕೆಂದು ಹೇಗೆ ತಿಳಿಯುತ್ತಿತ್ತು? ಉತ್ತರ ಕಾವ್ಯದ ಒಳಗೇ ಇತ್ತು. ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನು ನೋಡಿ. ಆರು ಸಾಲು; ಒಂದು, ಎರಡು, ನಾಲ್ಕು, ಐದನೆಯ ಸಾಲಿಗೆ 14 ಮಾತ್ರೆ; ಮೂರು ಮತ್ತು ಆರನೆಯದಕ್ಕೆ 23. ಪದ್ಯ ಒಂದಕ್ಕೆ ಒಟ್ಟು 102. ಮೇಲಾಗಿ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನದ ಪ್ರಾಸ. ಯಾರಾದರೂ ಇಡೀ ಭಾರತವನ್ನು ಒಂದೂ ಮುರಿತವಿಲ್ಲದ ಫೈಲಾಗಿ ಸುರಿದುಕೊಟ್ಟರೂ ಛಂದಸ್ಸು ಬಲ್ಲವರು ಒಂದೊಂದು ಸಾಲನ್ನೂ ಅದರ ಜಾಗಕ್ಕೆ ಕೂಡಿಸಬಲ್ಲರು. ಪ್ರಾಸವನ್ನು ನಾವು ಶಾಲೆಯಲ್ಲಿ ಅಲಂಕಾರವೆಂಬಂತೆ ಕಲಿಯುತ್ತೇವೆ. ಖಾಲಿ ಜಾಗ ಇಲ್ಲದ ಗರಿಯ ಮೇಲೆ ಅದು ಸಾಲಿನ ಗಡಿಕಲ್ಲು.

ವಚನಕ್ಕೆ ಅಂಥ ಛಂದಸ್ಸಿಲ್ಲ. ಅದಕ್ಕೆ ಅಂಕಿತವಿದೆ. ಮೊದಲ ವಚನಕಾರರಲ್ಲಿ ಒಬ್ಬನೆಂದು ಎಣಿಸುವ ದಾಸಿಮಯ್ಯ ಸುರಪುರ ಸೀಮೆಯ ಮುದನೂರಿನವನು, ನೇಯ್ಗೆಯವನು. ಅವನ ಅಂಕಿತ ‘ರಾಮನಾಥ’. ಆ ಹೆಸರು ಬಂತೆಂದರೆ ವಚನ ಮುಗಿಯಿತು. ಇಂದು ನಾವು ಖಾಲಿ ಸಾಲು ಬಿಟ್ಟು ಹೇಳುವುದನ್ನು ಆ ಹೆಸರು ಹೇಳುತ್ತಿತ್ತು. ಆದರೆ ವಚನದ ಒಳಗೆ ಎಲ್ಲಿ ನಿಲ್ಲಬೇಕೆಂದು ಅಂಕಿತ ತೋರಿಸಲಾರದು. ಫ. ಗು. ಹಳಕಟ್ಟಿಯವರು ಗರಿಗಳ ಕಟ್ಟುಗಳನ್ನು ಹುಡುಕಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದ ಮೇಲೆ, ಅಚ್ಚು ಮಾಡುವ ಪ್ರತಿಯೊಬ್ಬರಿಗೂ ಆ ಪ್ರಶ್ನೆ ಎದುರಾಗಿದೆ. ಕೆಲವು ಪುಸ್ತಕಗಳಲ್ಲಿ ವಚನ ಗದ್ಯದ ಪ್ಯಾರಾದಂತೆ ಇರುತ್ತದೆ, ಕೆಲವದರಲ್ಲಿ ಕವಿತೆಯಂತೆ ಸಾಲು ಸಾಲಾಗಿ. ವಚನ ಗದ್ಯವೋ ಪದ್ಯವೋ ಎಂದು ನೀವು ತರಗತಿಯಲ್ಲಿ ಚರ್ಚೆ ಮಾಡುವಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ: ನಮ್ಮ ಪುಸ್ತಕದಲ್ಲಿ ಕಾಣುವ ಸಾಲಿನ ಮುರಿತ ದಾಸಿಮಯ್ಯನದಲ್ಲ, ಬಸವಣ್ಣನದೂ ಅಲ್ಲ. ಅದು ಗರಿಯನ್ನು ಗಟ್ಟಿಯಾಗಿ ಓದಿಕೊಂಡ ಸಂಪಾದಕರ ಉಸಿರು.

ಇಷ್ಟು ತಿಳಿದ ಮೇಲೆ ಮಂಡಳಿಯ ಫೈಲಿನಲ್ಲಿ ಹುಡುಕಬೇಕಾದದ್ದು ಏನೆಂದು ಗೊತ್ತಾಯಿತು. ಪದಗಳ ಗಡಿಗೆ ಅಂಕಿತ. ಕಡಕೋಳದ ಮಡಿವಾಳಪ್ಪನ ಪದವಾದರೆ ಕೊನೆಗೆ ಗುರು ಮಹಾಂತನ ಹೆಸರು ಬರಬೇಕು. ನುಡಿಗಳ ಗಡಿಗೆ ಪ್ರಾಸ. ಹೀಗೆ ಹುಡುಕುತ್ತ ಮುಕ್ಕಾಲು ಪಾಲು ಪದಗಳು ಬಿಡಿಯಾದವು. ಉಳಿದವಕ್ಕೆ ಯಾವ ಸೂತ್ರವೂ ಹತ್ತಲಿಲ್ಲ. ಆಡುಮಾತಿನ ಪದಗಳಲ್ಲಿ ಸಾಲು ಎಲ್ಲಿ ಮುರಿದರೂ ಒಂದು ಅರ್ಥ ಬರುತ್ತದೆ, ತೊಂದರೆ ಅದೇ. ಅಲ್ಲಿಯ ಸಾಲಲ್ಲ, ನಾನೇ ಕಟ್ಟಿದ ಒಂದು ಉದಾಹರಣೆ ಕೊಡುತ್ತೇನೆ: ‘ಊರಾಗ ಇದ್ದಾಂಗ ಇರಬ್ಯಾಡ ಅಡವ್ಯಾಗ ಇದ್ದಾಂಗ’. ‘ಇರಬ್ಯಾಡ’ದ ಆಚೆ ಮುರಿದರೆ ಊರು ಬಿಟ್ಟು ಅಡವಿಯವನ ಹಾಗೆ ಬಾಳು ಎಂದಾಯಿತು. ಈಚೆ ಮುರಿದರೆ ಊರವನ ಹಾಗೆಯೇ ಬಾಳು, ಅಡವಿಯ ಹಂಬಲ ಬೇಡ ಎಂದಾಯಿತು. ಒಂದು ಮುರಿತ ಅತ್ತಿತ್ತಾದರೆ ತತ್ವವೇ ತಿರುಗಿಬೀಳುತ್ತದೆ.

ಮಂಡಳಿಯಲ್ಲಿ ಹಳಬರು ನಾಲ್ವರೇ ಉಳಿದಿದ್ದರು. ಅವರಲ್ಲಿ ಹಿರಿಯರಾದ ಮುತ್ಯಾನಿಗೆ ಎಂಬತ್ತು ದಾಟಿದೆ. ಎಲ್ಲ ಪದಗಳೂ ಬರುವುದು ಅವರಿಗೆ ಮಾತ್ರ. ಫೈಲಿನ ಕಾಗದದ ಪ್ರತಿ ತೆಗೆದುಕೊಂಡು ಒಂದು ಭಾನುವಾರ ಅಲ್ಲಿಗೆ ಹೋದೆ. ಗುಡಿಯ ಕಟ್ಟೆಯ ಮೇಲೆ ಕೂತಿದ್ದರು. ಕಾಗದ ಮುಂದೆ ಹಿಡಿದು, “ಮುತ್ಯಾ, ಈ ಪದ ಎಲ್ಲಿ ಮುರೀಬೇಕು ತೋರಸ್ರಿ,” ಅಂದೆ. ಅವರು ನಕ್ಕರು. “ನನಗ ಅಕ್ಷರ ಬರಂಗಿಲ್ಲ ತಮ್ಮಾ. ನೀ ಓದು, ನಾ ಹೇಳ್ತೀನಿ.”

ಓದತೊಡಗಿದೆ. ನಾಲ್ಕು ಶಬ್ದ ಹೋಗುವುದರಲ್ಲಿ ಅವರ ಕೈ ಮೇಲೆದ್ದಿತು. “ನಿಂದ್ರು. ಅಲ್ಲಿ ಉಸಿರ ತಗೋಬೇಕು.” ಗುರುತು ಹಾಕಿದೆ. ಮುಂದೆ ಇನ್ನೊಂದು ಕಡೆ ನಾನು ತಾನಾಗಿ ನಿಂತರೆ, “ಅಲ್ಲ್ಯಾಕ ನಿಂತಿ? ಇನ್ನಾ ಮಾತು ಮುಗದಿಲ್ಲ,” ಅಂದರು. ಸಾಲು ಎಂಬುದನ್ನು ಜೀವಮಾನದಲ್ಲಿ ಕಾಗದದ ಮೇಲೆ ಓದದ ಮನುಷ್ಯ ಒಂದೊಂದು ಸಾಲಿನ ತುದಿಯನ್ನೂ ಬೆರಳಿಟ್ಟು ತೋರಿಸಿದ ಹಾಗೆ ಹೇಳುತ್ತಿದ್ದರು. ಕೆಲವು ಕಡೆ ಬರೀ ಓದಿನಿಂದ ಅವರಿಗೆ ಗೊತ್ತಾಗುತ್ತಿರಲಿಲ್ಲ. ಆಗ ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕಿ ಹಾಡಿಯೇ ನೋಡಬೇಕು. ಒಂದೆರಡು ಪದಗಳಲ್ಲಿ ಪಕ್ಕದಲ್ಲಿದ್ದ ಇನ್ನೊಬ್ಬ ಹಿರಿಯರು ಒಪ್ಪಲಿಲ್ಲ. ಅವರ ಗುರು ಬೇರೆ ಕಡೆ ಉಸಿರು ಹಿಡಿಯುತ್ತಿದ್ದರಂತೆ. ಸ್ವಲ್ಪ ಹೊತ್ತು ವಾದವಾಯಿತು. ಕೊನೆಗೆ ಮುತ್ಯಾ, “ಎರಡೂ ಬರಕೋ. ಯಾರಿಗೆ ಹ್ಯಾಂಗ ಬರತದ ಹಂಗ ಹಾಡ್ಲಿ,” ಅಂದರು. ಎರಡೂ ಬರೆದುಕೊಂಡೆ.

ಹೀಗೆ ಐದು ಭಾನುವಾರ. ಕೆಮ್ಮು ಬಂದ ದಿನ ಹತ್ತು ಪದಕ್ಕೆ ಸಾಕಾಗುತ್ತಿತ್ತು, ಚೆನ್ನಾಗಿದ್ದ ದಿನ ನಲವತ್ತು. ಅವರ ಉಸಿರು ಚಿಕ್ಕದಾಗುತ್ತಿದೆ ಎಂಬುದು ನನ್ನ ಗುರುತುಗಳಲ್ಲೇ ತಿಳಿಯುತ್ತಿತ್ತು. ಒಂದೇ ಉದ್ದದ ಸಾಲಿಗೆ ಮೊದಲು ಒಮ್ಮೆ ನಿಲ್ಲುತ್ತಿದ್ದವರು ಕೊನೆಯ ವಾರ ಎರಡು ಸಲ ನಿಂತರು. “ಇದು ಪದದ್ದಲ್ಲ, ನನ್ನ ವಯಸ್ಸಿಂದು. ಇದನ್ನ ಬರೀಬ್ಯಾಡ,” ಎಂದು ತಾವೇ ಹೇಳಿದರು. ಹಾಳೆಯ ಅಂಚಿನ ಮುರಿತ, ಪದದ ಮುರಿತ, ಹಾಡುವವನ ದಣಿವಿನ ಮುರಿತ ಎಂದು ಮೂರು ಬಗೆಯನ್ನು ಅವರು ಬೇರೆ ಮಾಡಿ ತೋರಿಸಿದ ಹಾಗಾಯಿತು. ನನಗೆ ಗೊತ್ತಿದ್ದದ್ದು ಎರಡೇ.

ಇನ್ನು ಇವನ್ನು ಫೈಲಿನಲ್ಲಿ ಹೇಗೆ ಉಳಿಸುವುದು? ಬರೀ ಸಾಲು ಮುರಿದು, ನಡುವೆ ಖಾಲಿ ಸಾಲು ಬಿಟ್ಟರೆ ಚೆಂದ ಕಾಣುತ್ತದೆ. ಆದರೆ ಮೊದಲ ಸಲ ಅಳಿದುಹೋದದ್ದೇ ಆ ಖಾಲಿ ಸಾಲು. ಹುಡುಗರು ಓದುವುದು ಮೊಬೈಲಿನಲ್ಲಿ. ಹಿರಿಯರ ಪಕ್ಕ ಕೂತಾಗ ಅಕ್ಷರ ದೊಡ್ಡದು ಮಾಡಿದರೆ ಪರದೆ ಸಾಲದೆ ಪ್ರತಿ ಸಾಲೂ ಮತ್ತೆ ಮುರಿಯುತ್ತದೆ. ಇನ್ನೊಂದು ಸಲ ನಕಲು ತೆಗೆದು ಹಂಚಿದರೆ ಏನು ಉಳಿಯುತ್ತದೋ ಹೇಳಲಾಗದು. ಬರಹ ಒಂದು ಕೈಯಿಂದ ಇನ್ನೊಂದಕ್ಕೆ ಹೋಗುವಾಗ ಮೊದಲು ಉದುರುವುದು ಖಾಲಿ ಜಾಗ. ಅದನ್ನು ಯಾರೂ ಬರಹವೆಂದು ಎಣಿಸುವುದಿಲ್ಲ.

ಹಳೆಯ ಭಜನೆಯ ಪುಸ್ತಕಗಳನ್ನು ನೀವು ನೋಡಿರಬಹುದು. ಪಲ್ಲದ ಮುಂದೆ ಎರಡು ಗೀಟುಗಳ ನಡುವೆ ‘ಪ’ ಎಂದಿರುತ್ತದೆ. ನುಡಿ ಮುಗಿದಲ್ಲಿ ಎರಡು ಗೀಟು, ನಡುವೆ ೧, ೨, ೩. ಸಾಲಿನ ಕೊನೆಗೆ ಒಂದು ಗೀಟು. ಚಿಕ್ಕಂದಿನಲ್ಲಿ ಅವು ನನಗೆ ಹಳೆಯ ಕಾಲದ ಅಲಂಕಾರದಂತೆ ಕಾಣುತ್ತಿದ್ದವು. ಕಂಪ್ಯೂಟರು ಬಂದ ಮೇಲೆ ಡಿಟಿಪಿ ಅಂಗಡಿಗಳಲ್ಲಿ ನಾವು ಅವನ್ನು ಬಿಟ್ಟು, ಅದರ ಬದಲು ಎಂಟರ್ ಒತ್ತುವುದನ್ನು ರೂಢಿ ಮಾಡಿಕೊಂಡೆವು. ಈಗ ನೋಡಿದರೆ ಗೀಟು ಒಂದು ಅಕ್ಷರ. ಅಕ್ಷರ ದಾಟುವ ಕಡೆಯೆಲ್ಲ ಅದೂ ದಾಟುತ್ತದೆ. ಸಾಲೆಲ್ಲ ಕಲಸಿ ಒಂದಾದರೂ ಗೀಟು ಇದ್ದ ಜಾಗದಲ್ಲೇ ಇರುತ್ತದೆ. ಹಳಬರು ಖಾಲಿ ಜಾಗವನ್ನು ನಂಬಲಿಲ್ಲ. ನಿಲ್ಲಬೇಕಾದ ಕಡೆ ಪ್ರಾಸ ಇಟ್ಟರು, ಅಂಕಿತ ಇಟ್ಟರು, ಗೀಟು ಎಳೆದರು. ಕಿವಿಗೆ ಕೇಳುವ ಇಲ್ಲವೇ ಕಣ್ಣಿಗೆ ಕಾಣುವ ಏನನ್ನಾದರೂ ಇಟ್ಟರು.

ಆದ್ದರಿಂದ ಮಂಡಳಿಯ ಫೈಲಿನಲ್ಲಿ ಎಲ್ಲ ಗೀಟುಗಳನ್ನೂ ಹಾಕಿದೆ. ಉಸಿರಿಗೆ ಒಂದು, ನುಡಿಗೆ ಎರಡು ಮತ್ತು ಅಂಕಿ, ಪಲ್ಲಕ್ಕೆ ‘ಪ’. ಎರಡು ಬಗೆಯ ಹಾಡಿಕೆ ಇರುವ ಕಡೆ ಎರಡನೆಯದನ್ನು ಕೆಳಗೆ ಬೇರೆಯಾಗಿ ಬರೆದೆ. ಅದರ ಮೇಲೆ ಸಾಲುಗಳನ್ನೂ ಮುರಿದು ಖಾಲಿ ಸಾಲು ಬಿಟ್ಟೆ. ಇದ್ದಷ್ಟು ದಿನ ಕಣ್ಣಿಗೆ ಹಿತವಾಗಿರಲಿ ಎಂದು. ಬಂದ ಸ್ಥಿತಿಯ ಫೈಲನ್ನು ಹಾಗೆಯೇ ಇನ್ನೊಂದು ಹೆಸರಿನಲ್ಲಿ ಇಟ್ಟಿದ್ದೇನೆ. ನನ್ನ ನಂತರ ಯಾರಾದರೂ ಬೇರೆ ಥರ ಕೇಳಿಸಿಕೊಂಡರೆ ಅವರಿಗೆ ಅದು ಬೇಕಾಗುತ್ತದೆ.

ಹುಡುಗರು ಮತ್ತೆ ಬರುತ್ತಿದ್ದಾರೆ, ಎಲ್ಲರೂ ಅಲ್ಲ, ಐದಾರು ಜನ. ಅವರಲ್ಲಿ ಒಬ್ಬನ ಫೋನಿನ ಗಾಜು ಒಡೆದು ಪರದೆಯ ಬಲಗಡೆ ಏನೂ ಕಾಣುವುದಿಲ್ಲ. ಅವನು ಗೀಟು ಕಂಡಲ್ಲಿ ನಿಂತು, ಕಾಣದ ತುದಿಯನ್ನು ಮುತ್ಯಾನ ಬಾಯಿ ನೋಡಿ ಹಿಡಿಯುತ್ತಾನೆ. ಇನ್ನೂ ಹನ್ನೊಂದು ಪದಗಳು ಉಳಿದಿವೆ. ಅವುಗಳಿಗೆ ಅಂಕಿತ ಇಲ್ಲ, ಪ್ರಾಸವೂ ಸಿಕ್ಕಿಲ್ಲ. ಮುತ್ಯಾನಿಗೆ ಅವು ಬರುತ್ತಿದ್ದವಂತೆ, ಈಗ ಧಾಟಿ ನೆನಪಾಗುತ್ತಿಲ್ಲ. ಅವನ್ನು ನಾನು ಎಲ್ಲೂ ಮುರಿಯದೆ ಒಂದೇ ಹರಿವಾಗಿ ಬಿಟ್ಟಿದ್ದೇನೆ. ಕೆಲವು ಸಲ ದಮ್ಮಡಿ ಶುರುವಾದ ಮೇಲೆ ಧಾಟಿ ತಾನಾಗಿ ಬರುತ್ತದೆ ಎಂದು ಅವರು ಹೇಳುತ್ತಾರೆ. ಬರುವ ಅಮವಾಸ್ಯೆಗೆ ಪೆನ್ನು, ಕಾಗದ ಹಿಡಿದು ಹೋಗಬೇಕು.